ಓದುಗರ ಪ್ರಶ್ನೆ: ಹಾಡು ಹಾಕಿಕೊಂಡು ಮಲಗಿದರೆ ನಿದ್ದೆ ಬರುತ್ತದೆಯೇ?

ನಿದ್ದೆ ಮತ್ತು ಸಂಗೀತದ ಬಗ್ಗೆ ಶಿವಮೊಗ್ಗ ಸೀಮೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ನಿದ್ರೆಯ ತೊಂದರೆಗಳನ್ನು ನೋಡುವ ವೈದ್ಯರು ಮತ್ತು ಸಂಗೀತ ಶಿಕ್ಷಕಿಯೊಬ್ಬರು ಒಟ್ಟಿಗೆ ಕೂತು ಉತ್ತರಿಸಿದ್ದಾರೆ.

ಮಲಗುವಾಗ ಮೊಬೈಲ್‌ನಲ್ಲಿ ದೇವರನಾಮ ಹಾಕಿಕೊಳ್ಳುವುದು ರೂಢಿ. ಹತ್ತು ಹದಿನೈದು ನಿಮಿಷಕ್ಕೆ ನಿದ್ದೆ ಹತ್ತುತ್ತದೆ. ಆದರೆ ರಾತ್ರಿ ಎರಡು ಗಂಟೆ ಹೊತ್ತಿಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಎದ್ದು ನೋಡಿದರೆ ಮೊಬೈಲ್‌ನಲ್ಲಿ ಯಾವುದೋ ಸಿನಿಮಾ ಹಾಡು ಓಡುತ್ತಿರುತ್ತದೆ. ಹಾಡು ಕೇಳುವುದೇ ತಪ್ಪೇ?
— ಗೃಹಿಣಿ, ತೀರ್ಥಹಳ್ಳಿ

ಹತ್ತು ಹದಿನೈದು ನಿಮಿಷಕ್ಕೆ ನಿದ್ದೆ ಹತ್ತುತ್ತದೆ ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ ದೇವರನಾಮದ ಕೆಲಸ ಮುಗಿಯಿತು. ಅದಾದ ಮೇಲೆ ಎರಡು ಗಂಟೆಯವರೆಗೆ ಓಡಿದ ಹಾಡುಗಳೆಲ್ಲ ದಂಡ. ನಿಮ್ಮನ್ನು ಎಬ್ಬಿಸಿದ್ದೂ ಅವೇ ಇರಬಹುದು.

ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಅರ್ಧದಲ್ಲೇ ಮುಗಿಯುತ್ತದೆ. ಆಗ ಪಕ್ಕದಲ್ಲಿ ಪಾತ್ರೆ ಬಿದ್ದರೂ ಕೆಲವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಒಂದು, ಎರಡು ಗಂಟೆಯ ನಂತರ ನಿದ್ದೆ ತೆಳುವಾಗುತ್ತಾ, ಕನಸಿನ ಹೊತ್ತು ಹೆಚ್ಚುತ್ತಾ ಹೋಗುತ್ತದೆ. ಹನ್ನೊಂದಕ್ಕೆ ಏನೂ ಮಾಡದ ಸದ್ದು ಎರಡಕ್ಕೆ ಎಬ್ಬಿಸುವುದು ಇದರಿಂದಲೇ. ಜೊತೆಗೆ ನಿದ್ದೆಯಲ್ಲೂ ಮೆದುಳು ಕಿವಿ ಮುಚ್ಚಿಕೊಂಡಿರುವುದಿಲ್ಲ. ಅರ್ಥವಿರುವ ಸದ್ದನ್ನು, ಅಂದರೆ ನಮ್ಮ ಹೆಸರು, ಮಗುವಿನ ಅಳು, ಗೊತ್ತಿರುವ ಭಾಷೆಯ ಮಾತು ಇವುಗಳನ್ನು ಅದು ಹೆಕ್ಕುತ್ತಲೇ ಇರುತ್ತದೆ. ಹಾಡಿನ ನಡುವೆ ನುಗ್ಗುವ ಜಾಹೀರಾತು ಕನ್ನಡದಲ್ಲಿದ್ದರೆ ಇನ್ನೂ ಕಷ್ಟ.

ನಿದ್ರಾಹೀನತೆಗೆ ಸಂಗೀತ ಎಂಬ ವಿಷಯದಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2022ರಲ್ಲಿ 13 ಅಧ್ಯಯನಗಳನ್ನು, ಒಟ್ಟು 1,007 ಜನರ ವಿವರಗಳನ್ನು ಒಟ್ಟುಮಾಡಿ ನೋಡಿತು. ಜನ ತಮ್ಮ ನಿದ್ದೆಗೆ ತಾವೇ ಕೊಟ್ಟ ಅಂಕ ಚೆನ್ನಾಗಿಯೇ ಸುಧಾರಿಸಿತ್ತು. ಬೇಗ ನಿದ್ದೆ ಹತ್ತಲೂ ನೆರವಾಗಬಹುದು ಎಂಬ ಸೂಚನೆ ಇತ್ತು. ನಡುರಾತ್ರಿಯ ಎಚ್ಚರಗಳ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಹಾಗಾಗಿ ಹಾಡನ್ನು ನಿದ್ದೆಯ ಬಾಗಿಲವರೆಗೆ ಬಿಡಲು ಬರುವವರಂತೆ ಬಳಸಿ, ಒಳಗೆ ಕರೆದುಕೊಂಡು ಹೋಗಬೇಡಿ.

ಹೀಗೆ ಮಾಡಿ ನೋಡಿ. ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಜಾಹೀರಾತಿನ ಕಾಟವಿಲ್ಲ, ನೆಟ್‌ವರ್ಕ್ ಹೋಗಿ ಬಂದು ತೊದಲುವ ತೊಂದರೆಯೂ ಇಲ್ಲ. ಯೂಟ್ಯೂಬ್ ಬಿಟ್ಟು ಆಗುವುದಿಲ್ಲ ಎನ್ನುವವರು ವಿಡಿಯೊದ ಮೇಲ್ಭಾಗದ ಆಟೊಪ್ಲೇ ಗುಂಡಿಯನ್ನು ಆಫ್ ಮಾಡಿ. ನಿಮ್ಮ ದೇವರನಾಮ ಸಿನಿಮಾ ಹಾಡಾಗಿ ತಿರುಗಿದ್ದು ಆ ಗುಂಡಿಯಿಂದ. ಸ್ಪಾಟಿಫೈನಲ್ಲಿ ಹಾಡು ಓಡುವ ಪರದೆಯ ಮೂರು ಚುಕ್ಕಿ ಒತ್ತಿದರೆ ಸ್ಲೀಪ್ ಟೈಮರ್ ಸಿಗುತ್ತದೆ. ಐಫೋನ್‌ನಲ್ಲಿ ಗಡಿಯಾರದ ಟೈಮರ್‌ಗೆ ಹೋಗಿ, ಅಲಾರಂ ಸದ್ದು ಆರಿಸುವ ಪಟ್ಟಿಯ ಕಟ್ಟಕಡೆಯಲ್ಲಿ ‘ಸ್ಟಾಪ್ ಪ್ಲೇಯಿಂಗ್’ ಆಯ್ದರೆ ಯಾವ ಆ್ಯಪ್ ಓಡುತ್ತಿದ್ದರೂ ನಿಲ್ಲುತ್ತದೆ. ಅವಧಿ 30ರಿಂದ 45 ನಿಮಿಷ ಇಡಿ. ಆರೋಗ್ಯವಂತರಿಗೆ ನಿದ್ದೆ ಹತ್ತಲು 10–20 ನಿಮಿಷ ಸಾಕು, ಮಿಕ್ಕದ್ದು ಕೈಗಾವಲು.

ಇನ್ನು ದನಿ. ಬೇರೆ ಕೋಣೆಯಲ್ಲಿ ಯಾರೋ ಹಾಡು ಹಾಕಿದ್ದಾರೆ, ಸಾಹಿತ್ಯ ಹಿಡಿಯಬೇಕಾದರೆ ಕಿವಿಗೊಡಬೇಕು ಎನ್ನುವಷ್ಟಿದ್ದರೆ ಸರಿ. ಮೊಬೈಲ್ ದಿಂಬಿನ ಕೆಳಗೆ ಬೇಡ. ಚಾರ್ಜಿಗೆ ಹಾಕಿ ದಿಂಬಿನಡಿ ಇಡುವುದಂತೂ ಬೇಡವೇ ಬೇಡ, ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಕೈ ಚಾಚಿದರೆ ಸಿಗದಷ್ಟು ದೂರದಲ್ಲಿ, ಪರದೆ ಕೆಳಮುಖವಾಗಿ ಇಡಿ. ಎರಡು ಗಂಟೆಗೆ ಎಚ್ಚರವಾದಾಗ ಅದನ್ನು ಎತ್ತಿ ನೋಡುವ ಚಪಲವೂ ತಪ್ಪುತ್ತದೆ.

ಅಡಿಕೆ ಕೊಯ್ಲು ಶುರುವಾದರೆ ನಮ್ಮಲ್ಲಿ ರಾತ್ರಿ ಹನ್ನೊಂದರವರೆಗೂ ಸುಲಿಯುವ ಕೆಲಸ. ಸುಲಿಯುವವರಿಗೆ ತೂಕಡಿಕೆ ಬಾರದಿರಲಿ ಎಂದು ಯಕ್ಷಗಾನದ ರೆಕಾರ್ಡ್ ಹಾಕುತ್ತೇವೆ. ಮಲಗಿದ ಮೇಲೂ ಅದೇ ಪದ್ಯ, ಅದೇ ಚಂಡೆ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ ಮಾರಾಯ್ರೇ. ಒಂದು ಗಂಟೆಯಾದರೂ ನಿದ್ದೆ ಇಲ್ಲ. ಏನು ಮಾಡಲಿ?
— ಕೃಷಿಕರು, ಹೊಸನಗರ ತಾಲ್ಲೂಕು

ತೂಕಡಿಕೆ ಓಡಿಸಲೆಂದೇ ಹಾಕಿದ್ದು ತನ್ನ ಕೆಲಸ ಮಾಡಿದೆ! ತಲೆಯಲ್ಲಿ ಹಾಡು ಅಂಟಿಕೊಳ್ಳುವುದಕ್ಕೂ ನಿದ್ದೆಗೂ ಇರುವ ನಂಟನ್ನು ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದ್ದಾರೆ. ಹೆಚ್ಚು ಹಾಡು ಕೇಳುವವರಿಗೇ ಈ ಕಾಟ ಹೆಚ್ಚು. ಮಲಗುವ ಹೊತ್ತಿಗೆ ಹಾಡು ಸುತ್ತುತ್ತಿದ್ದವರ ನಿದ್ದೆಯ ಗುಣಮಟ್ಟವೂ ಕೆಳಗಿತ್ತು. ಸೋಜಿಗವೆಂದರೆ, ಜನಪ್ರಿಯ ಹಾಡಿನ ಸಾಹಿತ್ಯ ತೆಗೆದು ಬರೀ ವಾದ್ಯದಲ್ಲಿ ಕೇಳಿಸಿದಾಗ ಅದು ಇನ್ನೂ ಹೆಚ್ಚು ಅಂಟಿಕೊಂಡಿತು. ಗೊತ್ತಿರುವ ಹಾಡಿನ ಖಾಲಿ ಜಾಗವನ್ನು ಮೆದುಳು ತಾನೇ ತುಂಬಲು ಹೊರಡುತ್ತದೆ ಎಂದು ಕಾಣುತ್ತದೆ. ಸಿನಿಮಾ ಹಾಡಿನ ಕೊಳಲು ಆವೃತ್ತಿ ನಿದ್ದೆಗೆ ಒಳ್ಳೆಯದು ಎಂದುಕೊಂಡವರೂ ಇದನ್ನು ಗಮನಿಸಬೇಕು.

ಏರುಪದ್ಯದ (ಯಕ್ಷಗಾನದ ವೇಗದ ಪದ್ಯದ) ಲಯ ನಿಂತ ಕೂಡಲೇ ಮೈ ನಿಲ್ಲುವುದಿಲ್ಲ. ಹಾಗಾಗಿ ಯಕ್ಷಗಾನ ಬಿಡಬೇಕಿಲ್ಲ, ಅದರ ಹೊತ್ತು ಬದಲಿಸಿ. ಏಳರಿಂದ ಒಂಬತ್ತೂವರೆಯವರೆಗೆ ಯುದ್ಧದ ಪ್ರಸಂಗವೇ ಇರಲಿ. ಆಮೇಲಿನ ಒಂದೂವರೆ ಗಂಟೆ ತಾಳಮದ್ದಳೆಯ ಅರ್ಥಗಾರಿಕೆಯನ್ನೋ ರೇಡಿಯೊ ಮಾತನ್ನೋ ಹಾಕಿ. ಮಾತು ಅಂಟಿಕೊಳ್ಳುವುದಿಲ್ಲ. ಕೊನೆಯ ಪದ್ಯವನ್ನು ನಡುವೆ ಕತ್ತರಿಸದೆ ಮುಗಿಯಲು ಬಿಡಿ. ಅರ್ಧಕ್ಕೆ ನಿಂತದ್ದನ್ನು ತಲೆ ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ.

ಚಂಡೆಯ ಮೇಲೆ ಪೂರ್ತಿ ಆರೋಪ ಹೊರಿಸುವ ಮೊದಲು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಪಕ್ಕದಲ್ಲಿ ಏನೇನಿರುತ್ತದೆ ನೋಡಿಕೊಳ್ಳಿ. ಒಂಬತ್ತು ಗಂಟೆಯ ಚಹಾ ಅಥವಾ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ ಎರಡಕ್ಕೂ ಅರ್ಧ ಲೋಟ ಒಳಗೇ ಇರುತ್ತದೆ. ಬಾಯಿಯ ಕವಳವೂ (ಎಲೆಯಡಿಕೆ) ಕಡಿಮೆಯದಲ್ಲ. ಅಡಿಕೆಯ ಅರೆಕೊಲಿನ್ ಎಚ್ಚರ ಹೆಚ್ಚಿಸುವ ವಸ್ತು, ಹೊಗೆಸೊಪ್ಪು ಸೇರಿದರೆ ನಿಕೋಟಿನ್ ಕೂಡ. ಸಂಜೆ ಆರರ ನಂತರ ಚಹಾದ ಬದಲು ಜೀರಿಗೆ ಕಷಾಯ ಕುಡಿದು, ಎಂಟಕ್ಕೆ ಕೊನೆಯ ಕವಳ ಹಾಕಿ ಒಂದು ವಾರ ನೋಡಿ. ಮಲಗುವ ಮುಂಚೆ ನಾಳೆಯ ಕೆಲಸಗಳನ್ನು (ಎಷ್ಟು ಕೊನೆ, ಯಾರು ಬರುತ್ತಾರೆ, ಅಡಿಕೆ ಬೇಯಿಸುವ ಚೊಗರು ಎಷ್ಟಿದೆ) ಐದು ನಿಮಿಷ ಚೀಟಿಯಲ್ಲಿ ಬರೆದಿಡಿ. ಹೀಗೆ ಬರೆದವರು ಮುಗಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದದ್ದು 2018ರ ಇನ್ನೊಂದು ಪ್ರಯೋಗದಲ್ಲಿ ಕಂಡಿದೆ.

ನೀಲಾಂಬರಿ ಕೇಳಿದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. 78 ವರ್ಷದ ನಮ್ಮ ತಾಯಿಯವರಿಗೆ ಯಾವ ರಾಗ ಹಾಕಬೇಕು? 432 ಹರ್ಟ್ಜ್ ಸಂಗೀತ ಇನ್ನೂ ಒಳ್ಳೆಯದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು, ನಿಜವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ವಾಟ್ಸ್‌ಆ್ಯಪ್‌ನದನ್ನು ಮೊದಲು ಮುಗಿಸೋಣ. 440 ಹರ್ಟ್ಜ್ ಎಂಬುದು ಪಾಶ್ಚಾತ್ಯ ವಾದ್ಯಗಳನ್ನು ಹೊಂದಿಸಲು ಇಟ್ಟುಕೊಂಡ ಅಂತರರಾಷ್ಟ್ರೀಯ ಅಳತೆ. ಅದನ್ನು 432ಕ್ಕೆ ಇಳಿಸಿದರೆ ಅರ್ಧ ಸ್ವರಕ್ಕಿಂತಲೂ ಕಡಿಮೆ ವ್ಯತ್ಯಾಸ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ (‘ಸ’ ಸ್ವರಕ್ಕೆ) ಗೊತ್ತಾದ ಹರ್ಟ್ಜ್ ಇಲ್ಲವೇ ಇಲ್ಲ. ಹಾರ್ಮೋನಿಯಂ ಮನೆಗಳ (ಕೀಲಿಗಳ) ಲೆಕ್ಕದಲ್ಲಿ ಗಂಡಸರು ಒಂದು ಮನೆಗೋ ಎರಡು ಮನೆಗೋ, ಹೆಂಗಸರು ಐದು ಮನೆಯ ಆಸುಪಾಸಿಗೋ ಶ್ರುತಿ ಇಟ್ಟುಕೊಂಡು ಹಾಡುತ್ತಾರೆ. ಯಾರ ಹಾಡಿಗೂ ನಿದ್ದೆ ಬರುತ್ತದೆ.

ನೀಲಾಂಬರಿ 29ನೆಯ ಮೇಳ (ಮೂಲರಾಗ) ಧೀರಶಂಕರಾಭರಣದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಜೋಗುಳದ ರಾಗ ಎಂದು ಹೆಸರಾದದ್ದು. ನಿದ್ದೆ ತರುವ ಗುಣ ಆ ಸ್ವರಗಳಲ್ಲೇ ಅಡಗಿದೆ ಎಂದು ಹೇಳಲು ಆಧಾರ ಸಾಲದು. ಆದರೆ ಅದನ್ನು ಹಾಡುವ ರೀತಿ ನೋಡಿ: ವಿಳಂಬ ಕಾಲ (ನಿಧಾನ ನಡೆ), ಎಳೆದು ಜಾರಿಸುವ ಸಂಚಾರ, ಏರುವ ಆತುರವಿಲ್ಲ. ನಿದ್ದೆಗೆ ಬೇಕಾದದ್ದು ಇವೇ. ಅಧ್ಯಯನಗಳಲ್ಲಿ ಬಳಸುವ ಸಂಗೀತವೂ ಸಾಮಾನ್ಯವಾಗಿ ನಿಮಿಷಕ್ಕೆ 60–80 ಬಡಿತದ್ದು, ಅಂದರೆ ಆರಾಮಾಗಿ ಕೂತಾಗಿನ ಎದೆಬಡಿತದ ಆಸುಪಾಸು. ಅದೇ ನಡೆಯಲ್ಲಿ ಆನಂದಭೈರವಿ, ಯದುಕುಲಕಾಂಬೋಧಿ, ಹಿಂದೂಸ್ತಾನಿಯ ಬಾಗೇಶ್ರೀ, ಮಾಲ್‌ಕೌಂಸ್ ಯಾವುದಾದರೂ ಆದೀತು. ತಾಯಿಯವರು ಇಷ್ಟಪಟ್ಟು ಕೇಳುತ್ತಿದ್ದುದು ಯಾವುದು ಎಂದು ಅವರನ್ನೇ ಕೇಳಿ. ರಾಗದ ಆಯ್ಕೆಗಿಂತ ಅದು ಮುಖ್ಯ. ತೈವಾನ್‌ನಲ್ಲಿ 60ರಿಂದ 83 ವರ್ಷದ 60 ಜನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಆರು ಬಗೆಯ ಸಂಗೀತ ಕೊಟ್ಟು ಆಯ್ಕೆಯನ್ನು ಅವರಿಗೇ ಬಿಟ್ಟಿದ್ದರು. ಮಲಗುವಾಗ 45 ನಿಮಿಷ, ಮೂರು ವಾರ. ವಾರದಿಂದ ವಾರಕ್ಕೆ ನಿದ್ದೆ ಸುಧಾರಿಸುತ್ತಾ ಹೋಯಿತು. ಎರಡು ರಾತ್ರಿ ಹಾಕಿ ಆಗಲಿಲ್ಲ ಎಂದು ಬಿಡಬೇಡಿ.

ಜನ ಎಡವುವುದು ರಾಗದಲ್ಲಲ್ಲ, ರೆಕಾರ್ಡಿನಲ್ಲಿ. ಹಿಂದೂಸ್ತಾನಿ ಖಯಾಲ್ ನಿಧಾನದ ವಿಲಂಬಿತ್‌ನಲ್ಲಿ ಶುರುವಾಗಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ, ಸರಿಯಾಗಿ ಕಣ್ಣು ಹತ್ತುವ ಹೊತ್ತಿಗೆ, ವೇಗದ ದ್ರುತ್‌ಗೆ ಹಾರುತ್ತದೆ. ಸಿತಾರ್‌ನಲ್ಲಿ ಆಲಾಪ್ ಮುಗಿದು ವೇಗ ಏರುವ ಜೋಡ್, ಝಾಲಾ ಬಂದರೆ ಮಲಗಿದವರೂ ಎದ್ದು ಕೂರಬೇಕು. ಕರ್ನಾಟಕ ಸಂಗೀತದ ಕಛೇರಿಯಾದರೆ ಮೃದಂಗ ಮುಂತಾದ ತಾಳವಾದ್ಯಗಳ ತನಿ ಆವರ್ತನ ಕಾದಿರುತ್ತದೆ. ಇದೆಲ್ಲದರ ಮೇಲೆ ನೇರ ಕಛೇರಿಯ ರೆಕಾರ್ಡಿನ ಚಪ್ಪಾಳೆ. ಆದ್ದರಿಂದ ವೀಣೆಯ ಅಥವಾ ಕೊಳಲಿನ ಬರೀ ಆಲಾಪನೆ, ಸ್ಟುಡಿಯೊದಲ್ಲಿ ಮುದ್ರಿಸಿದ್ದು, ಹತ್ತು ಹದಿನೈದು ನಿಮಿಷದವು ಮೂರನ್ನು ಜೋಡಿಸಿ. ತಾಳವಿಲ್ಲದ್ದರಿಂದ ಕೈ ಲೆಕ್ಕ ಹಾಕುವುದಿಲ್ಲ, ಪಲ್ಲವಿ ಇಲ್ಲದ್ದರಿಂದ ತಲೆಗೆ ಅಂಟುವುದೂ ಇಲ್ಲ. ಮೂರನ್ನೂ ಹಗಲು ಒಮ್ಮೆ ಪೂರ್ತಿ ಕೇಳಿ ನೋಡಿ. ಒಂದರ ದನಿ ಸಣ್ಣದು, ಇನ್ನೊಂದರದು ದೊಡ್ಡದು ಇದ್ದರೆ ಕೆಲಸ ಕೆಟ್ಟಿತು. ಸಂಗೀತ ಕಲಿತವರಿಗೆ ಇದೂ ಆಗಿಬರುವುದಿಲ್ಲ, ಪ್ರತಿ ಗಮಕವನ್ನೂ ತೂಗುತ್ತಾ ಎಚ್ಚರವಾಗಿಯೇ ಇರುತ್ತಾರೆ. ಅಂಥವರಿಗೆ ಬರೀ ತಂಬೂರಿ ಸಾಕು.

ವಯಸ್ಸಾದವರಿಗೆ ಮೊದಲು ಮಂಕಾಗುವುದು ತಾರದ ಸದ್ದು. ಹಾಗಾಗಿ ಸಣ್ಣ ಕೊಳಲಿಗಿಂತ ವೀಣೆ ಸುಲಭವಾಗಿ ಕೇಳಿಸುತ್ತದೆ. ಶ್ರವಣಸಾಧನ ತೆಗೆದಿಟ್ಟು ಮಲಗುವವರಿಗೆಂದು ದನಿ ಏರಿಸಿದರೆ ಮನೆಯವರ ನಿದ್ದೆ ಹಾಳು. ದಿಂಬಿನ ಕೆಳಗೆ ಇಡುವ ಚಪ್ಪಟೆ ಸ್ಪೀಕರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೊಬೈಲ್ ದೂರವೇ ಇರಲಿ, ವೈರು ಮಾತ್ರ ದಿಂಬಿನವರೆಗೆ ಬರಲಿ. ವೈರನ್ನು ಕುತ್ತಿಗೆಯ ಬಳಿ ಹಾಯಿಸದೆ ಮಂಚದ ತಲೆಯ ಕಡೆಯಿಂದ ತನ್ನಿ.

ಹಾಸ್ಟೆಲ್‌ನಲ್ಲಿ ಗಲಾಟೆ. ಇಯರ್‌ಬಡ್ ಹಾಕಿಕೊಂಡೇ ಬೆಳಗಿನವರೆಗೆ ಮಲಗುತ್ತೇನೆ. ಮಳೆಗಾಲ ಶುರುವಾದ ಮೇಲೆ ಬಲಗಿವಿ ತುರಿಸುತ್ತಿದೆ, ಆಗಾಗ ನೋವು. ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಡು ಎನ್ನುತ್ತಾರೆ.
— ವಿದ್ಯಾರ್ಥಿನಿ, ಶಂಕರಘಟ್ಟ

ಎಣ್ಣೆ ಬೇಡಮ್ಮ. ಕಿವಿಯ ತಮಟೆಯಲ್ಲಿ ತೂತಿದ್ದರೆ ಅದು ಒಳಗಿಳಿಯುತ್ತದೆ. ತೂತಿಲ್ಲದಿದ್ದರೂ ತೇವದಲ್ಲಿ ಬೆಳೆಯುವ ಬೂಷ್ಟಿಗೆ ಎಣ್ಣೆಯಿಂದ ಅನುಕೂಲವೇ. ಬಡ್ ರಾತ್ರಿಯಿಡೀ ಕಿವಿಯ ಬಾಯಿ ಮುಚ್ಚಿದಾಗ ಬೆವರು ಆರುವುದಿಲ್ಲ. ಗುಗ್ಗೆ ಹೊರಬರುವ ಬದಲು ಒಳಕ್ಕೆ ಒತ್ತಿಕೊಳ್ಳುತ್ತದೆ. ಮಲೆನಾಡಿನ ಜುಲೈನಲ್ಲಿ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಮುಚ್ಚಿದ ಕಿವಿ ಒಣಗುವುದೆಲ್ಲಿ? ಬಲಮಗ್ಗುಲಲ್ಲಿ ಮಲಗುವ ಅಭ್ಯಾಸವಿದ್ದರೆ ದಿಂಬು ಬಡ್ಡನ್ನು ಚರ್ಮಕ್ಕೆ ಒತ್ತಿ ಗೀರುತ್ತದೆ, ಸೋಂಕು ಅಲ್ಲಿಂದ ಶುರು. ಕಿವಿಯ ಹಾಲೆ ಎಳೆದಾಗ ನೋವಾದರೆ, ಸೋರಿದರೆ, ಕೇಳಿಸುವುದು ಮಂದವಾದರೆ ತಡಮಾಡದೆ ಕಿವಿ ವೈದ್ಯರಿಗೆ ತೋರಿಸಿ. ವಾಸಿಯಾಗುವವರೆಗೆ ಬಡ್ ಬಂದ್.

ಆಮೇಲೂ ಮೂವತ್ತು ನಿಮಿಷದ ಟೈಮರ್ ಇಟ್ಟು, ನಿದ್ದೆಗೆ ಮುಂಚೆ ತೆಗೆಯುವುದೇ ಒಳ್ಳೆಯದು. ವಾರಕ್ಕೊಮ್ಮೆ ರಬ್ಬರ್ ಟೊಪ್ಪಿ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಲಾಟೆ ಮುಚ್ಚಲು ದನಿ ಏರಿಸುತ್ತಾ ಹೋಗಬೇಡಿ. ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ದಿನಕ್ಕೆ ಏಳು ಗಂಟೆ ನಿದ್ದೆಯಲ್ಲೇ ಕಳೆದರೆ ಅದು ವಾರಕ್ಕೆ 49.

ಆಗುಂಬೆ ಕಡೆಯವನು, ಈಗ ಕೆಲಸಕ್ಕೆ ಶಿವಮೊಗ್ಗ ಪೇಟೆಯಲ್ಲಿದ್ದೇನೆ. ಊರಲ್ಲಿ ಮಳೆ ಹೊಯ್ಯುವಾಗ ಬರುತ್ತಿದ್ದ ನಿದ್ದೆ ಇಲ್ಲಿಲ್ಲ. ಮೊಬೈಲ್‌ನಲ್ಲಿ ಮಳೆ ಸದ್ದು ಹಾಕಿದರೆ ಊರಿನ ಮಳೆಯಂತೆ ಕೇಳುವುದೇ ಇಲ್ಲ. ಯಾಕೆ?
— ಅಂಗಡಿ ನೌಕರ, ಶಿವಮೊಗ್ಗ

ಮೊಬೈಲಿನ ಸ್ಪೀಕರ್ ಬೆರಳ ತುದಿಯಷ್ಟು. ಮಳೆಯ ಕೆಳಸ್ತರದ ಗಂಭೀರ ಮೊರೆತ ಅದರಿಂದ ಹೊರಡುವುದೇ ಇಲ್ಲ. ಉಳಿಯುವುದು ಒಗ್ಗರಣೆ ಸಿಡಿದಂಥ ಚಟಪಟ. ಅಂಗೈಗಿಂತ ದೊಡ್ಡದಾದ ಬ್ಲೂಟೂತ್ ಸ್ಪೀಕರ್ ತಂದು ಗೋಡೆಯ ಮೂಲೆಗೆ ಇಟ್ಟರೆ ಕೆಳಗಿನ ದನಿ ತುಂಬಿಕೊಳ್ಳುತ್ತದೆ.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆಯಾಗುವ ಊರಿನವರಿಗೆ ಆ ಸದ್ದು ಹಿಡಿಸುವುದಕ್ಕೆ ನೆನಪೊಂದೇ ಕಾರಣವಲ್ಲ. ಎಡೆಬಿಡದೆ ಒಂದೇ ಮಟ್ಟದಲ್ಲಿ ಹೊಯ್ಯುವ ಮಳೆ ನಾಯಿ ಬೊಗಳುವುದನ್ನು, ಬಾಗಿಲ ಬಡಿತವನ್ನು ತನ್ನೊಳಗೆ ಮುಚ್ಚಿಕೊಳ್ಳುತ್ತದೆ. ನಿದ್ದೆ ಕೆಡಿಸುವುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ದಿಢೀರ್ ಏರಿಳಿತ. ಹಾಗಾಗಿ ಗುಡುಗು, ಕಪ್ಪೆ, ಹಿನ್ನೆಲೆಯ ಪಿಯಾನೊ ಯಾವುದೂ ಇಲ್ಲದ ಮುದ್ರಣ ಆಯ್ದುಕೊಳ್ಳಿ. ಅರ್ಧ ನಿಮಿಷದ ತುಣುಕನ್ನೇ ಸುತ್ತಿಸುವವು ಬೇಡ, ಅದೇ ಹನಿ ಮತ್ತೆ ಬಿದ್ದದ್ದು ಮೂರನೆಯ ಸಲಕ್ಕೆ ಕಿವಿಗೆ ಗೊತ್ತಾಗಿಬಿಡುತ್ತದೆ. ತಗಡಿನ ಮೇಲಿನ ಮಳೆಗಿಂತ ಹೆಂಚಿನ ಮೇಲಿನದು, ಅದಕ್ಕಿಂತ ತೋಟದ ಎಲೆಯ ಮೇಲಿನದು ಮೃದು. ಹಾಡಿನ ಹಾಗಲ್ಲದೆ ಈ ಬಗೆಯ ಸಮನಾದ ಸದ್ದನ್ನು ಬೀದಿ ಗದ್ದಲದ ನಡುವೆ ಇರುವವರು ರಾತ್ರಿಯಿಡೀ ಬಿಟ್ಟುಕೊಂಡರೂ ಅಡ್ಡಿಯಿಲ್ಲ, ದನಿ ಸಣ್ಣದಿರಲಿ. ಖರ್ಚೇ ಬೇಡವೆಂದರೆ ಸೀಲಿಂಗ್ ಫ್ಯಾನ್ ಇದೆ.

ನಾಲ್ಕು ತಿಂಗಳ ಮಗುವಿಗೆ ಮೊಬೈಲ್‌ನಲ್ಲಿ ಜೋಗುಳ ಹಾಕಿ ತೊಟ್ಟಿಲಲ್ಲೇ ಇಡಬಹುದೇ?
— ಕೊಪ್ಪ

ತೊಟ್ಟಿಲಲ್ಲಿ ಬೇಡ. ಶಿಶುಗಳ ನಿದ್ದೆಗೆಂದೇ ಮಾರುವ 14 ಸದ್ದಿನ ಯಂತ್ರಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪೂರ್ತಿ ದನಿಗೆ ಇಟ್ಟಾಗ ಎಲ್ಲವೂ 50 ಡೆಸಿಬಲ್ ಮಿತಿ ದಾಟಿದ್ದವು. ಮಗುವಿನಿಂದ ಕನಿಷ್ಠ 200 ಸೆಂಟಿಮೀಟರ್ ದೂರ, ಕನಿಷ್ಠ ದನಿ, ನಿದ್ದೆ ಹತ್ತಿದ ಮೇಲೆ ಬಂದ್. ಆದರೂ ನಿಮ್ಮ ದನಿಯೇ ಮೇಲು. ಮಗುವಿನ ರೆಪ್ಪೆ ಭಾರವಾದಂತೆ ಹಾಡುವವರು ತಮಗೆ ಗೊತ್ತಿಲ್ಲದೆಯೇ ನಿಧಾನಿಸುತ್ತಾರೆ, ಸಾಹಿತ್ಯ ಬಿಟ್ಟು ಗುನುಗಿಗೆ ಇಳಿಯುತ್ತಾರೆ. ರೆಕಾರ್ಡಿಗೆ ಮಗು ಕಾಣುವುದಿಲ್ಲ.

ಪಕ್ಕದ ಬೀದಿಯ ಮೈಕ್ ಹನ್ನೊಂದಾದರೂ ನಿಲ್ಲುವುದಿಲ್ಲ. ಏನು ಉಪಾಯ?
— ಭದ್ರಾವತಿ

2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ, ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಸಬಹುದು. ಉಳಿದ ದಿನ 112ಕ್ಕೆ ಕರೆ ಮಾಡಿ. ಆ ರಾತ್ರಿಯ ಮಟ್ಟಿಗೆ ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್. ಒಣ ಕೈಯಲ್ಲಿ ಅದನ್ನು ಬತ್ತಿಯಷ್ಟು ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಿ. ಹೊಸೆಯದೆ ಚುಚ್ಚುವುದರಿಂದಲೇ ಹಲವರಿಗೆ ಅದು ‘ಕೆಲಸ ಮಾಡುವುದಿಲ್ಲ’.

ಮೂರು ತಿಂಗಳಿಂದ ದಿನಾ ಸಂಗೀತ ಕೇಳಿ ಮಲಗುತ್ತಿದ್ದೇನೆ. ನಿದ್ದೆ ಬರುತ್ತದೆ, ಆದರೆ ಬೆಳಿಗ್ಗೆ ಎದ್ದರೆ ತಲೆ ಭಾರ, ಮಧ್ಯಾಹ್ನ ತೂಕಡಿಕೆ. ಗೊರಕೆ ಜೋರು ಎಂದು ಮನೆಯವರ ದೂರು.
— ಶಿಕ್ಷಕರು, ಸಾಗರ

ನಿಮಗೆ ಬೇಕಾದದ್ದು ಬೇರೆ ರಾಗವಲ್ಲ, ಪರೀಕ್ಷೆ. ಜೋರು ಗೊರಕೆ, ಬೆಳಗಿನ ತಲೆಭಾರ, ಹಗಲಿನ ತೂಕಡಿಕೆ ಮೂರೂ ಸೇರಿದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಅನುಮಾನ. ಗಂಟಲ ದಾರಿ ಮತ್ತೆ ಮತ್ತೆ ಮುಚ್ಚಿ ಮೆದುಳು ಪ್ರತಿ ಸಲ ಅರೆ ಎಚ್ಚರಗೊಳ್ಳುತ್ತದೆ, ನಿಮಗೆ ನೆನಪಿರುವುದಿಲ್ಲ. ಹಾಡು ಇದನ್ನು ಮುಟ್ಟುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲೋ ಶ್ವಾಸಕೋಶದ ವೈದ್ಯರಲ್ಲೋ ಮೊದಲು ತೋರಿಸಿ. ಅಲ್ಲಿಯವರೆಗೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ, ನಿದ್ದೆ ಮಾತ್ರೆ ನುಂಗಬೇಡಿ, ತೂಕಡಿಕೆ ಇರುವಾಗ ಘಾಟಿಯಲ್ಲಿ ಗಾಡಿ ಓಡಿಸಬೇಡಿ.

ಹೋಗುವಾಗ ಎರಡು ವಾರದ ಲೆಕ್ಕ ಬರೆದುಕೊಂಡು ಹೋಗಿ: ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಹಗಲು ಎಲ್ಲಿ ತೂಕಡಿಕೆ. ಮನೆಯವರಿಗೆ ಹೇಳಿ ಗೊರಕೆಯನ್ನು ಐದು ನಿಮಿಷ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿ. ಗೊರಕೆ ನಡುವೆ ನಿಂತು, ಹತ್ತಾರು ಸೆಕೆಂಡ್ ಸದ್ದಿಲ್ಲದೆ, ಆಮೇಲೆ ಬುಸ್ಸೆಂದು ಉಸಿರೆಳೆದದ್ದು ಅದರಲ್ಲಿ ಸಿಕ್ಕಿದ್ದರೆ ವೈದ್ಯರಿಗೆ ಮೊದಲು ಕೇಳಿಸಬೇಕಾದದ್ದು ಆ ರೆಕಾರ್ಡನ್ನೇ.